ಎರಡು ಆರನೇ ನಂಬರು

ಬ್ಯಾಟರಾಯನಪುರ
೧೧-೩-೧೯೭೮, ಶನಿವಾರ

ಯಜಮಾನರಾದ ಚನ್ನಕೇಶವ ಅವರಿಗೆ ಗಂಗಾದೇವಿಯ ನಮಸ್ಕಾರಗಳು.

ಹೆಸರು ಬರೆದೆನೆಂದು ಕೋಪ ಮಾಡಿಕೊಳ್ಳಬೇಡಿ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಿಮ್ಮ ಅಮ್ಮ ಹೇಳಿಕೊಟ್ಟಿದ್ದರು. ಒಂಬತ್ತು ವರ್ಷ ನಾಲಿಗೆ ಕಟ್ಟಿಕೊಂಡಿದ್ದೆ. ಇನ್ನು ಸಾಕು ಅನಿಸಿತು.

ಗಾಲ್ಫ್ ಕ್ಲಬ್ಬಿನಲ್ಲಿ ನಿಮ್ಮ ಜೊತೆ ಸಾಹೇಬರುಗಳ ಚೀಲ ಹೊರುವ ಚಿಕ್ಕಹನುಮಯ್ಯ ಮಂಗಳವಾರ ಬಂದಿದ್ದ. ನಾನು ಕುಲುಮೆಯ ಮುಂದೆ ತಿದಿ ಒತ್ತುತ್ತಾ ಕೂತಿದ್ದೆ. ನನ್ನ ಗುರುತು ಅವನಿಗೆಲ್ಲಿ? ಬಾಗಿಲಲ್ಲೇ ನಿಂತು ಕೇಳಿದ: "ಅಮ್ಮಾ, ತೀರ್ಕೊಂಡ್ರಲ್ಲ ಗಂಗಾದೇವಮ್ಮ, ಅವ್ರ ತಂದೆ ಮನೇಲವ್ರಾ?"

ಕೂರಿಸಿ ಕಾಫಿ ಕೊಟ್ಟೆ. ಪಾಪ, ಎಲ್ಲ ಹೇಳಿದ. ಹೋದ ವರ್ಷ ನಿಮ್ಮ ಹೆಂಡತಿ ಕಾಮಾಲೆಯಲ್ಲಿ ಸತ್ತಳಂತೆ. ಕ್ಲಬ್ಬಿನಲ್ಲಿ ಆಟ ಕಲಿಸುವವರ ಕೆಲಸ ಖಾಲಿ ಇದೆಯಂತೆ, ಅದಕ್ಕೆ ಭಾನುವಾರ ಪರೀಕ್ಷೆಯಂತೆ. ಕೆಲಸ ಸಿಕ್ಕರೆ ಹೆಡ್ ಗುಮಾಸ್ತ ಮುನಿಕೃಷ್ಣಪ್ಪನವರು ವಿಧುರನಾದ ನಿಮಗೆ ಮಗಳನ್ನು ಕೊಡುತ್ತಾರಂತೆ. ಚೆಂಡು ಹೊಡೆಯುವ ನಿಮ್ಮ ಆರನೇ ನಂಬರಿನ ಐರನ್ ಕೋಲು ಮುರಿದಿದೆ, ಮಾವನವರ ಹತ್ತಿರ ಒಂದು ಮಾಡಿಸಿಕೊಂಡು ಬಾ ಎಂದು ಅವನನ್ನು ಕಳಿಸಿದ್ದೀರಂತೆ. ಅವನು ಕಾಫಿ ಮುಗಿಸಿ ಲೋಟ ಕೆಳಗಿಡುವವರೆಗೂ ಕಾದು, ಆಮೇಲೆ ಗಂಗಾದೇವಿ ನಾನೇ ಎಂದೆ. ಅವನು ಮತ್ತೆ ತಲೆ ಎತ್ತಲಿಲ್ಲ.

ಅಪ್ಪ ದೀಪಾವಳಿಗೆ ಮುಂಚೆ ಹೋದರು. ಕಾಗದ ಹಾಕಿದ್ದೆ. ನೀವು ಒಡೆದೂ ನೋಡಿಲ್ಲ ಎಂದು ಈಗ ಗೊತ್ತಾಯಿತು. ಸತ್ತವರನ್ನು ಬದುಕಿಸಿದ್ದೀರಿ, ಬದುಕಿರುವವಳನ್ನು ಸಾಯಿಸಿದ್ದೀರಿ. ಎದೆ ಉರಿಯಿತು, ಸುಳ್ಳೇಕೆ ಹೇಳಲಿ. ಕುಲುಮೆಯ ವಾಸನೆ ಹೊಡೆಯುವ ಹೆಂಗಸಿನ ಜೊತೆ ಬಾಳಲಾರೆ ಎಂದು ನಿಮ್ಮ ಅಮ್ಮನ ಮುಂದೆ ಹೇಳಿ ಎದ್ದು ಹೋದ ದಿನವೂ ಇಷ್ಟು ಉರಿದಿರಲಿಲ್ಲ.

ಆದರೂ ಕೆಲಸ ಕೆಲಸವೇ. ನಿಮ್ಮ ಪರೀಕ್ಷೆಯ ಕ್ರಮವನ್ನೆಲ್ಲ ಅವನಿಂದ ಕೇಳಿ ತಿಳಿದುಕೊಂಡೆ. ನೂರೈವತ್ತು ಗಜ, ನಡುವೆ ಕೆರೆ. ಒಂದೇ ಐರನ್, ಮೂರು ಚೆಂಡು, ಮೂರೂ ಆಚೆ ದಡದ ಹಸಿರು ಹುಲ್ಲುಹಾಸಿನ ಮೇಲೆ ನಿಲ್ಲಬೇಕು. ಮೊದಲು ಹೊಡೆದು ನೋಡುವಂತಿಲ್ಲ, ಇನ್ನೊಬ್ಬರದು ಎರವಲು ತರುವಂತಿಲ್ಲ. ಐದನೇ ನಂಬರಾದರೆ ಚೆಂಡು ಹಸಿರು ದಾಟಿ ಪೊದೆಗೆ ಬೀಳುತ್ತದೆ, ಏಳಾದರೆ ಕೆರೆಗೆ. ನೀವು ಆರು ಕೇಳಿದ್ದು ಸರಿಯಾಗಿದೆ. ಇಷ್ಟಾದರೂ ನಮ್ಮ ಮನೆಯಲ್ಲಿ ಕಲಿತಿರಲ್ಲ, ಸಂತೋಷ.

ಕಲಿಯದೆ ಬಿಟ್ಟದ್ದು ಒಂದೇ. ಅಪ್ಪ ಯಾವ ಐರನ್ನನ್ನೂ ಹಾಗೇ ಕೈಗೆ ಕೊಡುತ್ತಿರಲಿಲ್ಲ. ಚಪ್ಪಡಿಯ ಮೇಲೆ ಇಟ್ಟು, ಒಂದು ಕಣ್ಣು ಮುಚ್ಚಿ, ಮುಖದ ಓರೆ ಎಷ್ಟಿದೆ ಎಂದು ನೋಡುತ್ತಿದ್ದರು. ಓರೆ ಹೆಚ್ಚಾದರೆ ಚೆಂಡು ಮೇಲಕ್ಕೇರಿ ಹತ್ತಿರವೇ ಬೀಳುತ್ತದೆ. ಕಬ್ಬಿಣದ ಕುತ್ತಿಗೆ ಬಾಗುತ್ತದೆ, ಅದರ ಮೇಲೆ ಹೊಡೆದ ನಂಬರು ಬಾಗುವುದಿಲ್ಲ ಎನ್ನುತ್ತಿದ್ದರು. ನನಗೆ ಆ ಕಣ್ಣು ಬಂತು. ನಿಮಗೆ ಕಲಿಸಲು ಹೋದರೆ, "ನಂಬರ್ ಬರ್ದವ್ರಲ್ಲ, ಇನ್ನೇನ್ ನೋಡೋದು?" ಎಂದು ನಕ್ಕುಬಿಟ್ಟಿರಿ. ಸಾಹೇಬರ ಐರನ್ನುಗಳನ್ನು ಮನೆಗೆ ತಂದು, ನಾನು ನೋಡಿ ಹೇಳಿದ್ದನ್ನು ಮಾರನೆಯ ದಿನ ನಿಮ್ಮ ಮಾತೆಂದು ಹೇಳಿ ಹೆಸರು ಮಾಡಿದಿರಿ. ಆಗ ನನಗೆ ಹೆಮ್ಮೆಯೇ ಇತ್ತು, ಎಂಥ ಪೆದ್ದಿ ನಾನು.

ಹೊಡೆಯುವಾಗ ಅವಸರ ಬೇಡ. ಚೆಂಡು ಎರಡು ಕಾಲಿನ ನಡುವಿಗಿಂತ ಒಂದು ಬೆರಳು ಎಡಕ್ಕಿರಲಿ. ಎತ್ತಿ ಹಾರಿಸಲು ಹೋಗಬೇಡಿ, ಎತ್ತುವುದು ಕಬ್ಬಿಣದ ಕೆಲಸ. ಮೊದಲು ಚೆಂಡು, ಆಮೇಲೆ ಹುಲ್ಲು. ಅನುಮಾನ ಬಂದರೆ ನಿಮ್ಮ ಬಲಗೈ ಬಿಗಿಯಾಗುತ್ತದೆ, ಚೆಂಡು ದಾರಿ ತಪ್ಪುತ್ತದೆ. ಆದ್ದರಿಂದ ಕೈಯಲ್ಲಿರುವುದನ್ನು ನಂಬಿ ಹೊಡೆಯಿರಿ. ಹಿಡಿಗೆ ಹೊಸ ಚರ್ಮ ಸುತ್ತಿದ್ದೇನೆ. ಅದು ಒಣಗಲಿ ಎಂದು ತಡಮಾಡಿದೆ. ನಾಳೆ ಬೆಳಿಗ್ಗೆ ಚಿಕ್ಕಹನುಮಯ್ಯ ಈ ಕಾಗದದ ಜೊತೆಗೇ ಮೈದಾನಕ್ಕೆ ತಂದುಕೊಡುತ್ತಾನೆ. ಅವನನ್ನು ಬೈಯಬೇಡಿ, ಅವನಿಗೇನೂ ತಿಳಿಯದು.

ಇಂತಿ,
ಕಾಮಾಲೆ ಬಾರದ ನಿಮ್ಮ ಹೆಂಡತಿ
ಗಂಗಾದೇವಿ

ಮರೆತ ಮಾತು: ಗೋಣಿಯಲ್ಲಿ ಎರಡು ಐರನ್ ಇವೆ. ಒಂದರ ಹಿಡಿಗೆ ಕೆಂಪು ದಾರ, ಒಂದಕ್ಕೆ ಕಪ್ಪು. ಎರಡರ ಮೇಲೂ ಆರು ಎಂದೇ ಇದೆ. ಒಂದರ ಕುತ್ತಿಗೆಯನ್ನು ಮಾತ್ರ ನಿನ್ನೆ ಒಂದು ಅಕ್ಕಿಕಾಳಿನಷ್ಟು ಹಿಂದಕ್ಕೆ ಬಾಗಿಸಿದ್ದೇನೆ. ಅದರಲ್ಲಿ ಹೊಡೆದ ಚೆಂಡು ಕೆರೆ ದಾಟುವುದಿಲ್ಲ. ಇನ್ನೊಂದು ಅಪ್ಪ ತಮ್ಮ ಕೈಯಾರೆ ಮಾಡಿಟ್ಟದ್ದು, ಅದರಷ್ಟು ಒಳ್ಳೆಯ ಆರನೇ ನಂಬರು ಬೆಂಗಳೂರಿನಲ್ಲಿ ಇಲ್ಲ. ನಾಳೆ ನಾನೂ ಬಂದು ಬೇಲಿಯ ಪಕ್ಕ ನಿಂತಿರುತ್ತೇನೆ. ಕಮಿಟಿಯವರೂ ಮುನಿಕೃಷ್ಣಪ್ಪನವರೂ ಕೇಳುವ ಹಾಗೆ, ಇವಳು ನನ್ನ ಹೆಂಡತಿ ಎಂದು ಕರೆದು ಕೇಳಿದರೆ, ಯಾವುದು ಸರಿ ಎಂದು ಹೇಳುತ್ತೇನೆ. ಕರೆಯಲು ಬಾಯಿ ಬಾರದಿದ್ದರೆ ನೀವೇ ಆರಿಸಿಕೊಳ್ಳಿ.