ಡಬ್ಬ್ಯಾಗಿನ ಅರ್ಧ ಪಟ್ಟಿಗಳು

೧೨ ಫೆಬ್ರವರಿ, ಬುಧವಾರ

ಇವತ್ತು ರಾಮದಾಸಪೇಠಿನ ಹಲ್ಲಿನ ಡಾಕ್ಟರ್ ಗ್ರೀಷ್ಮಾ ನನಗ ಬರೋಬರ್ ಬೈದ್ರು. ನನ್ನ ವಸಡಿನ ಕೀವು ಪರೀಕ್ಷೆಗೆ ಕಳಿಸಿದ್ರು. ರಿಪೋರ್ಟ್ ಬಂತು. ನಾ ವರ್ಷಗಟ್ಟಲೆ ನುಂಗಿದ ಆಂಟಿಬಯೋಟಿಕ್ ಗುಳಿಗಿಗೆ ಅದರಾಗಿನ ಬ್ಯಾಕ್ಟೀರಿಯಾ ಈಗ ಸಾಯೂದಿಲ್ಲಂತ.

ತಪ್ಪು ನಂದ. ರೈಲ್ವೆ ಗಾರ್ಡ್ ಆಗಿದ್ದವ, ಎಲ್ಲಾದಕ್ಕೂ ಪೆಟ್ಟಿಗ್ಯಾಗ ಒಂದು ಸ್ಪೇರ್ ಇಡೂ ಚಟ. ಬಾವು ಇಳಿದ ಕೂಡಲೇ ಗುಳಿಗಿ ನಿಲ್ಲಿಸಿ, ಉಳಿದ ಗುಳಿಗಿ ಪಟ್ಟಿ ಡಬ್ಬ್ಯಾಗ ಇಡತಿದ್ದೆ. ಮತ್ತ ಬಾತ್ರ ಯಾರನ್ನೂ ಕೇಳದ ಅದನ್ನ ನುಂಗತಿದ್ದೆ.

"ಅಂಕಲ್, ಅರ್ಧರ್ಧ ಕೊಟ್ಟು ಬ್ಯಾಕ್ಟೀರಿಯಾಗಳನ್ನ ಚೆನ್ನಾಗಿ ಪಳಗಿಸಿಬಿಟ್ಟಿದ್ದೀರ!" ಅಂದ್ರು. ಬೆಂಗಳೂರಿನ ಹುಡುಗಿ, ಬಾಯಿ ಭಾಳ ಜೋರು.

ಆದ್ರ ಹಲ್ಲು ಉಳೀತು! ವಸಡಿನ ಒಳಗೆಲ್ಲಾ ಕೆರೆದು ಸ್ವಚ್ಛ ಮಾಡಿದ್ರು. ಸದ್ಯಕ್ಕ ಗುಳಿಗಿ ಬ್ಯಾಡ, ದಿನಾ ಎರಡು ಹೊತ್ತು ಬ್ರಶ್ ಮಾಡ್ರಿ ಅಂದ್ರು. ನಾ ಜೋಡಿ ಒಯ್ದಿದ್ದ ಡಬ್ಬಿ ಅವರ ಟೇಬಲ್ ಮ್ಯಾಲೆ ಇಟ್ಟು, "ಇನ್ನ ನಮ್ಮ ಮನ್ಯಾಗ ಒಂದೂ ಇಲ್ರಿ" ಅಂತ ಎದಿ ಉಬ್ಬಿಸಿ ಹೇಳಿದೆ. ಪಕ್ಕದಾಗ ಕುಂತ ನನ್ನ ಹೆಂಡತಿ ಮಹಾದೇವಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಯಾಕಂತ ಕೇಳಿದ್ರ ಹೇಳಲಿಲ್ಲ.

ಬರೀಲಿಕ್ಕೆ ಈ ಪುಸ್ತಕ ತೆರೆದಾಗ ತಿಳೀತು. ಪುಟದ ಗುರುತಿಗೆ ನಾನ ಇಟ್ಟದ್ದು ಕೈಗೆ ಬಂತು: ಅರ್ಧ ಪಟ್ಟಿ, ಮೂರು ಗುಳಿಗಿ.

ತಡಿ. ಇದು ಇಲ್ಲಿರೂದು ಆಕಿಗೆ ಗೊತ್ತಿತ್ತಂದ್ರ, ಆಕಿ ನನ್ನ ದಿನಚರಿ ಓದ್ತಾ—