ಹಬ್ಬವಿಲ್ಲದ ದಿನದ ಅನ್ನ

ದೇವರ ಹಿಪ್ಪರಗಿ
೧೨-೨-೧೯೭೬

ಪ್ರೀತಿಯ ಅಕ್ಕ ಕಸ್ತೂರೆವ್ವನಿಗೆ ತಂಗಿ ಶಂಕ್ರೆವ್ವನ ನಮಸ್ಕಾರಗಳು.

ನಾವೆಲ್ಲ ಆರಾಮ ಇದ್ದೇವೆ. ನೀನು ಕಳಿಸಿದ ಅಕ್ಕಿ ಮುಟ್ಟಿ ತಿಂಗಳಾದರೂ ಒಂದು ಕಾರ್ಡು ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀ. ಬೈ, ತಪ್ಪು ನನ್ನದೇ. ನಿನ್ನ ಮೈದುನ ಚಂದ್ರಾಮ, ಜಿಲ್ಲೆ ದಾಟಿಸುವ ಅಕ್ಕಿಯನ್ನು ಪೊಲೀಸರು ಬಸ್ಸಿನಲ್ಲಿ ಹಿಡಿಯುತ್ತಾರೆಂದು ಹೆದರಿ ಗಂಟನ್ನು ಹಾಸಿಗೆಯೊಳಗೆ ಸುತ್ತಿ ತಂದಿದ್ದ. ದಾರಿಯಲ್ಲಿ ಗಂಟು ಬಿಚ್ಚಿ ಹಾಸಿಗೆಯ ತುಂಬ ಅಕ್ಕಿ! ಒಂದು ಮಧ್ಯಾಹ್ನವೆಲ್ಲ ಕೂತು ಆರಿಸಿದೆ.

ಆರಿಸುತ್ತ ಆರಿಸುತ್ತ ಆ ವಾಸನೆಗೆ ಕಣ್ಣು ಮಂಪರಾಗಿ, ಲಚ್ಯಾಣದ ನಮ್ಮ ತವರಿನ ಅಂಗಳದಲ್ಲೇ ಕೂತ ಹಾಗಾಯಿತು. ಸುಗ್ಗಿ ಮುಗಿದ ಮೇಲೆ ಗೈಬುಸಾಬ ಎತ್ತುಗಳ ಬೆನ್ನ ಮೇಲೆ ಅಕ್ಕಿ ಹೇರಿಕೊಂಡು ಬರುತ್ತಿದ್ದನಲ್ಲ? ಎರಡು ಸೇರು ಜೋಳ ಕೊಟ್ಟರೆ ಒಂದು ಸೇರು ಅಕ್ಕಿ. ಅವ್ವನಿಗೂ ಅವನಿಗೂ ವರ್ಷವರ್ಷ ಅದೇ ಜಗಳ.

"ಸಾಬಾ, ನಮ್ಮ ಜ್ವಾಳ ಆದ್ರ ತುಳುಕೂ ಹಂಗ ಅಳಿತಿ, ನಿನ್ನ ಅಕ್ಕಿ ಸವರಿ ಅಳಿತೀ ಏನು?"

"ಎವ್ವಾ, ಸೇರು ನೋಡಬ್ಯಾಡ, ವಾಸನಿ ನೋಡು" ಎಂದು ಅವನು ನಗುತ್ತ ನಮ್ಮಿಬ್ಬರ ಮೂಗಿಗೆ ಒಂದು ಹಿಡಿ ಹಿಡಿಯುತ್ತಿದ್ದ. ನೀನು ಮೂಸುತ್ತಿದ್ದೆ, ನಾನು ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಆಮೇಲೆ ಆ ಅಕ್ಕಿ ಗಡಿಗೆಯೊಳಗೆ ಸೇರಿದರೆ ಯುಗಾದಿಗೆ ಹೊರಬರಬೇಕು, ಇಲ್ಲವೇ ಅಳಿಯ ಬಂದಾಗ, ಇಲ್ಲವೇ ಯಾರಿಗಾದರೂ ಜಡ್ಡು ಬಲವಾದಾಗ. ಉಳಿದ ದಿನ ರೊಟ್ಟಿ, ಜೋಳದ ನುಚ್ಚು. ಕಾಲುವೆ ಸೀಮೆಗೆ ಹೋದ ನೀನು ಎರಡು ಹೊತ್ತೂ ಅನ್ನ ಉಣ್ಣುವ ಮಹಾರಾಣಿ, ಇದೆಲ್ಲ ಎಲ್ಲಿ ನೆನಪಿರಬೇಕು!

ಇಲ್ಲಿಯ ತಮಾಷೆ ಕೇಳು. ನಮ್ಮ ಅತ್ತೆ ಲಕ್ಕವ್ವ ಎಂಟು ದಿನದಿಂದ ಜ್ವರ ಬಂದು ಮಲಗಿದ್ದರು. ಜ್ವರ ಇಳಿಯುತ್ತಿತ್ತು. ಹೋದ ವಾರ ಮಂಗಳವಾರ ನನಗೇ ಆಸೆಯಾಗಿ ನಿನ್ನ ಅಕ್ಕಿಯಲ್ಲಿ ಎರಡು ಹಿಡಿ ಒಲೆಯ ಮೇಲಿಟ್ಟೆ. ಬೆಳಕಿಂಡಿಯ ಬಿಸಿಲಿನಲ್ಲಿ ಹಬೆ ಮೆಲ್ಲಗೆ ಏರುತ್ತಿತ್ತು. ಪಡಸಾಲೆಯಿಂದ ದನಿ ಬಂತು.

"ಶಂಕ್ರೆವ್ವಾ, ಯಾರ ಬಂದಾರ?"

"ಯಾರೂ ಇಲ್ರಿ ಅತ್ತಿ."

"ಇವತ್ತ ಹಬ್ಬ ಏನು?"

"ಏನಿಲ್ರಿ, ಸುಮ್ನ ಮಾಡೇನ್ರಿ."

ಹಾಸಿಗೆಯಲ್ಲಿ ಹೊರಳಿದ ಸದ್ದು ಕೇಳಿಸಿತು. ಆಮೇಲೆ, "ಹಂಗಾರ ಡಾಕ್ಟರ್ ಕೈ ಬಿಟ್ಟಾನ" ಅಂದರು.

ನಾನು ಎಷ್ಟು ನಕ್ಕು ಹೇಳಿದರೂ ನಂಬಲಿಲ್ಲ. ಮಗನನ್ನು ಹೊಲದಿಂದ ಕರೆಸಿದರು. ಇಳಕಲ್ ಸೀರೆ ನನಗೆ, ಎಮ್ಮೆ ಮಗಳಿಗೆ ಎಂದು ಹಂಚಿದರು. ಓಣಿಯೆಲ್ಲ ಬಂತು. ಪಕ್ಕದ ಮನೆಯ ಮಾಳಿಂಗಪ್ಪ ತಾಳ ಹಿಡಿದುಕೊಂಡೇ ಬಂದು, "ಭಜನಿ ಶುರು ಮಾಡೂಣೇನ್ರಿ?" ಎಂದು ಕೇಳಿದ. ಅತ್ತೆ ಕಣ್ಣು ಮುಚ್ಚಿ, ಎಲ್ಲೋ ದೂರದ ಊರಿಗೆ ಗಾಡಿಯಲ್ಲಿ ಹೊರಟವರ ಹಾಗೆ ನೆಮ್ಮದಿಯಿಂದ ಮಲಗಿದ್ದರು. ಮರುದಿನ ಬೆಳಿಗ್ಗೆ ಎದ್ದು ಮುಖ ತೊಳೆದುಕೊಂಡು ಚಹಾ ಕೇಳಿದರು. ಸೀರೆಯನ್ನೂ ವಾಪಸು ಕೇಳಿದರು!

ಭಾವನವರಿಗೆ ನಮಸ್ಕಾರ ಹೇಳು. ಮಕ್ಕಳಿಗೆ ನನ್ನ ಆಶೀರ್ವಾದ; ಹೊಟ್ಟೆ ತುಂಬ ಉಂಡು ನೂರು ವರ್ಷ ಬಾಳಲಿ.

ನಿನ್ನ ತಂಗಿ,
ಶಂಕ್ರೆವ್ವ

ತಾ.ಕ.: ಅಕ್ಕಾ, ನಗಿಸಿಯೇ ಮುಗಿಸಬೇಕೆಂದಿದ್ದೆ, ಆಗಲಿಲ್ಲ. ಆ ದಿನ ಜನ ಹೋದ ಮೇಲೆ ಅತ್ತೆಗೆ ಅನ್ನ ಕಲಸಿ ತುತ್ತು ಕೊಡಲು ಕೂತೆ. ಅವರು ನನ್ನ ಕೈ ಹಿಡಿದುಕೊಂಡರು. ನನ್ನ ಮಗಳು ಗುರವ್ವ ಜ್ವರದಲ್ಲಿ ಎರಡು ದಿನ ಅನ್ನ ಬೇಡಿ ಬೇಡಿ ತೀರಿಕೊಂಡದ್ದು ನಿನಗೆ ಗೊತ್ತು. ಮನೆಯಲ್ಲಿ ಅಕ್ಕಿಯಿಲ್ಲವೆಂದು ನಾನು ಹಾಲಿನಲ್ಲಿ ನುಚ್ಚು ಕಲಸಿ ಕೊಟ್ಟಿದ್ದೆ. ಮುಖ ತಿರುಗಿಸಿದ್ದಳು.

"ಅವತ್ತ ಒಂದ ಸೇರ ಅಕ್ಕಿ ಇತ್ತವ್ವಾ" ಅಂದರು ಅತ್ತೆ. "ಅಳಿಯ ಬರಾವಿದ್ದ ಅಂತ ಮುಚ್ಚಿಟ್ಟು, ಇಲ್ಲ ಅಂತ ಹೇಳಿದ್ದೆ. ಕೂಸು ಆರಾಮ ಆಗತೈತಿ ಅನಕೊಂಡಿದ್ದೆ. ನಾ ಹೊಂಟೇನಿ. ಏನರ ಮಾತಾಡು."

"ಉಣ್ರಿ, ಆರಾಕತ್ತೈತಿ" ಅಂದೆ. ಅಷ್ಟೇ ಬಾಯಿಗೆ ಬಂತು.

ಅವರು ಬದುಕಿಬಿಟ್ಟರು, ಅಕ್ಕಾ. ದಿನಾ ಒಲೆಯ ಮುಂದೆ ಬಂದು ಕೂತು ನನ್ನ ಬಾಯನ್ನೇ ನೋಡುತ್ತಾರೆ. ನಾನು ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಿರುತ್ತೇನೆ.