ನಲವತ್ತೊಂದನೆಯ ಲಕೋಟೆ

ಮಾರ್ಚ್ 3, ಸಂಜೆ

ಇವತ್ತೂ ಹದಿನೈದು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ — ನೋವು ಹತ್ತಕ್ಕೆ ಎಷ್ಟು? ಹೆರಿಗೆ ವಾರ್ಡಿನ ನರ್ಸ್ ಕೆಲಸ ಸಾಲದೆಂದು ಅಧ್ಯಯನದ ಹಾಳೆ ತುಂಬುವುದೂ ನನ್ನ ತಲೆಗೇ. ಬೆನ್ನಿಗೆ ಕೊಡುವ ನೋವಿನ ಮದ್ದು ಎರಡು ಬಗೆ; ಯಾವುದು ಮೇಲು ಎಂದು ನೋಡುವುದೇ ಅಧ್ಯಯನ. ಎಪಿಡ್ಯೂರಲ್: ಸಣ್ಣ ನಳಿಕೆಯಲ್ಲಿ, ನಿಧಾನ, ನೋವು ಇಳಿಯಲು ಇಪ್ಪತ್ತು ನಿಮಿಷ. ಜೋಡಿ ವಿಧಾನ: ಮೊದಲು ತೆಳು ಸೂಜಿಯ ಸ್ಪೈನಲ್, ಆಮೇಲೆ ನಳಿಕೆ — ಐದೇ ನಿಮಿಷ. ಯಾರಿಗೆ ಯಾವುದು ಎನ್ನುವುದು ಅಂಟಿಸಿದ ಲಕೋಟೆಯೊಳಗೆ. ಸಹಿ ಹಾಕಿದವರ ಸರದಿಯಂತೆ, ಸಂಖ್ಯೆಯ ಪ್ರಕಾರವೇ ಒಡೆಯಬೇಕು.

ಅಧ್ಯಯನ ನಡೆಸುವ ಅರಿವಳಿಕೆ ಡಾಕ್ಟರಮ್ಮನಿಗೆ ನಾನು ಹಂಚುವ ಕರಪತ್ರ ತೋರಿಸಿದೆ. 'ನೋವಿಲ್ಲದ ಹೆರಿಗೆ ಹೆಣ್ಣಿನ ಹಕ್ಕು.'

"ಬೇಗ ನೋವು ಇಳಿಸೋದನ್ನೇ ಎಲ್ಲರಿಗೂ ಕೊಡಿ ಮೇಡಂ."

"ಬೇಗ ಅಂದ್ರೆ ಒಳ್ಳೇದು ಅಂತ ಯಾರು ಹೇಳಿದ್ರು ತಾಯಿ? ಅದು ಗೊತ್ತಿದ್ದಿದ್ರೆ ನಾನ್ಯಾಕೆ ಒದ್ದಾಡ್ತಿದ್ದೆ? ಕರಪತ್ರ ಮಡಚಿಡು, ಬಿಪಿ ನೋಡು."

ನಿಂತೂ ನಿಂತೂ ಕಾಲು ಬಿದ್ದುಹೋಗಿದೆ.

ಮಾರ್ಚ್ 4

ಏಳು ಹೆರಿಗೆ. ಬರೆಯಲು ಕೈ ಏಳದು.

ಮಾರ್ಚ್ 9, ಮಧ್ಯಾಹ್ನ 2

ಅಕ್ಕ ಬಂದಳು. ಚೊಚ್ಚಲು. ಅಧ್ಯಯನಕ್ಕೆ ಸಹಿ ಹಾಕಿದಳು. ಅವಳದು ನಲವತ್ತೊಂದನೆಯ ಲಕೋಟೆ. ಲಕೋಟೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದೆ — ಎಪಿಡ್ಯೂರಲ್. ನಲವತ್ತೆರಡು — ಜೋಡಿ. ಪಕ್ಕದ ಮಂಚದವಳೂ ಆಗಷ್ಟೇ ಸಹಿ ಹಾಕಿದ್ದಳು. ಅವಳ ಹಾಳೆಗೆ ನಲವತ್ತೊಂದು ಬರೆದೆ. ಅಕ್ಕನಿಗೆ ನಲವತ್ತೆರಡು.

ಸಂಜೆ 6

ಅಕ್ಕ ಆರನೇ ನಿಮಿಷಕ್ಕೆ ನಕ್ಕಳು. "ಲೇ, ಈ ಮದ್ದಿಗೆ ಮೈಯೆಲ್ಲ ತುರಿಕೆ ಕಣೇ! ಹಾಳಾಗ್ಲಿ, ನೋವು ಹೋಯ್ತಲ್ಲ."

ಪಕ್ಕದವಳು ಹಲ್ಲು ಕಚ್ಚಿಕೊಂಡು ಕಾದಳು. ಹತ್ತಕ್ಕೆ ಎಷ್ಟು?

"ಹನ್ನೆರಡು ಅಂತ ಬರ್ಕೋ! ಗಡಿಯಾರ ನೋಡ್ಕೊಂಡು ನಿಂತಿದ್ದೀಯಲ್ಲ, ನೀನೇ ಬಂದು ಮಲಕ್ಕೋ."

ಮದ್ದು ಹತ್ತಿದ ಮೇಲೆ ನನ್ನ ಕೈ ಹಿಡಿದಳು. "ಬೈದೆ ಅಂತ ಬೇಜಾರಾಗಬೇಡ ತಂಗಿ. ನನ್ನ ಪಾಲಿಗೆ ಈ ಚೀಟಿ ಬಂತು. ಯಾರೂ ಬೇಕಂತ ಮಾಡಿದ್ದಲ್ಲವಲ್ಲ."

ಎರಡೂ ಮಗು ಕ್ಷೇಮ.

ಮಾರ್ಚ್ 13, ಬೆಳಿಗ್ಗೆ

ಮೂರು ದಿನ ಪೆನ್ನು ಮುಟ್ಟಲಿಲ್ಲ. ನಿನ್ನೆ ಅಕ್ಕನಿಗೆ ಹೇಳಿಬಿಟ್ಟೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ...

"ಹೆಣ್ಣಿನ ಹಕ್ಕು ಅಂತ ಬಾಯಿ ಬಡ್ಕೋತಿದ್ದೆಯಲ್ಲೇ. ಅವಳೇನು ಹೆಣ್ಣಲ್ವಾ?"

ಡಾಕ್ಟರಮ್ಮನಿಗೆ ಹೇಳಿದರೆ ಕೆಲಸ ಹೋಗಬಹುದು. ಹಿಂದಿನ ನಲವತ್ತು ಹಾಳೆಗಳ ಮೇಲೂ ಅನುಮಾನ. ಹೇಳದಿದ್ದರೆ, ಮುಂದೆ ಬರುವವರಿಗೆ ಯಾವ ಸೂಜಿ ಎನ್ನುವುದರಲ್ಲಿ ನನ್ನ ಸುಳ್ಳಿಗೂ ಒಂದು ಮತ.

ಡಾಕ್ಟರಮ್ಮ ರೌಂಡ್ಸ್ ಮುಗಿಸಿ ಕೋಣೆಗೆ ಹೋದರು. ಎರಡೂ ಹಾಳೆ ಕೈಯಲ್ಲಿವೆ. ಮೊದಲ ಮಾತನ್ನಾದರೂ ಇಲ್ಲಿ ಬರೆದುಕೊಂಡು ಹೋಗುತ್ತೇನೆ —

ಮೇಡಂ, ಒಂಬತ್ತನೇ ತಾರೀಖು ನಾನು ಬೇಕಂತಲೇ